ಪ್ರತಿಕ್ರಿಯೆ: ಟರ್ಬೋಚಾರ್ಜರ್ ಜೆಟ್ ಇಂಜಿನ್, ಬ್ಲೋವರ್ ತೆಗೆದ್ರೆ ನಿಂತೋಗುತ್ತೆ

ಟರ್ಬೋಚಾರ್ಜರಿಂದ ಮಾಡಿದ ನಿಮ್ಮ ಗ್ಯಾಸ್ ಜೆಟ್ ಇಂಜಿನ್, ಬ್ಲೋವರ್ (ಸ್ಟಾರ್ಟ್ ಮಾಡೋಕೆ ಗಾಳಿ ಊದೋ ಫ್ಯಾನ್) ತೆಗೆದ್ರೆ ನಿಂತೋಗುತ್ತೆ ಅಂತ ಕೇಳಿದ್ರಲ್ಲ. ಬ್ಲೋವರ್ ತೆಗೆದ ತಕ್ಷಣ ಸ್ಪೀಡ್ ಬೀಳೋದು, ಹಿಂದಿಂದ ಉದ್ದ ಹಳದಿ ಬೆಂಕಿ ಬರೋದು, ಎರಡಕ್ಕೂ ಕಾರಣ ಬಹುಶಃ ಫ್ಲೇಮ್ ಟ್ಯೂಬಿನ (ಚೇಂಬರ್ ಒಳಗೆ ಗ್ಯಾಸ್ ಉರಿಯೋ ತೂತಿನ ಕೊಳವೆ) ತೂತುಗಳೇ. ಇಂಜೆಕ್ಟರ್ (ಗ್ಯಾಸ್ ಒಳಗೆ ಬಿಡೋ ನಳಿಕೆ) ಹತ್ರ 6 ಎಂಎಂದು ಬರೀ 8 ತೂತು ಅಂದ್ರಲ್ಲ, ಅಲ್ಲಿ ಗಾಳಿ ಸಾಲ್ದೆ ಗ್ಯಾಸ್ ಅರ್ಧಂಬರ್ಧ ಉರಿದು ಟರ್ಬೈನ್ (ಬಿಸಿ ಗಾಳಿಗೆ ತಿರುಗೋ ವೀಲ್) ದಾಟಿದ ಮೇಲೆ ಪೂರ್ತಿ ಹತ್ಕೊಳ್ತಿದೆ, ಆ ಶಾಖದಿಂದ ವೀಲ್‌ಗೆ ನಯಾಪೈಸೆ ಉಪಯೋಗ ಇಲ್ಲ.

ತೂತುಗಳ ಒಟ್ಟು ವಿಸ್ತೀರ್ಣ ಕಂಪ್ರೆಸರ್ ಇಂಡ್ಯೂಸರ್ (ಗಾಳಿ ಒಳಗೆ ಎಳೆಯೋ ವೀಲಿನ ಬಾಯಿ) ವಿಸ್ತೀರ್ಣದಷ್ಟಿರ್ಲಿ, ನಿಮ್ಮ 50 ಎಂಎಂಗೆ ಸುಮಾರು 1960 ಚದರ ಎಂಎಂ. ಅದ್ರಲ್ಲಿ 30% ಮುಂದೆ ಇಂಜೆಕ್ಟರ್ ಕಡೆ, 20% ಮಧ್ಯೆ, ಉಳಿದ ಅರ್ಧ ಟರ್ಬೈನ್ ಕಡೆ ದೊಡ್ಡ ತೂತುಗಳಲ್ಲಿ. ಅಂದ್ರೆ ಮುಂದೆ 6 ಎಂಎಂದು 21 ಬೇಕು, ಇನ್ನೂ 13 ಹೊಡೀರಿ, ಹಿಂದೆ ಜಾಸ್ತಿಯಾಗಿದ್ರೆ ಪಟ್ಟಿ ವೆಲ್ಡ್ ಮಾಡಿ ಮುಚ್ಚಿ. ಈ ಲೆಕ್ಕ ಹವ್ಯಾಸಿಗಳ ಅಂದಾಜು ಅಷ್ಟೇ, ಆಮೇಲೆ ಒಂದೆರಡು ತೂತು ಹೆಚ್ಚುಕಮ್ಮಿ ಮಾಡ್ಬೇಕಾಗ್ಬಹುದು.

ಆಮೇಲೆ ಸ್ಟಾರ್ಟ್ ಮಾಡಿ, ಆದ್ರೆ ಬೆಂಕಿ ಹತ್ತಿದ ಕೂಡ್ಲೇ ಬ್ಲೋವರ್ ಕೀಳ್ಬೇಡಿ, ಗ್ಯಾಸ್ ನಿಧಾನಕ್ಕೆ ಏರಿಸ್ತಾ ಚೇಂಬರ್ ಪ್ರೆಷರ್ ಸುಮಾರು 0.3 ಬಾರ್ ದಾಟಿದ ಮೇಲೆ ತೆಗೀರಿ. ಎಕ್ಸಾಸ್ಟ್ 700 ಡಿಗ್ರಿ ದಾಟ್ತಿದ್ರೆ ಗ್ಯಾಸ್ ಕಟ್, ವೀಲ್ ನಿಕ್ಕಲ್ ಮಿಶ್ರಲೋಹದ್ದೇ ಆದ್ರೂ ಕೆಂಪಗೆ ಕಾದಾಗ ಆ ಸ್ಪೀಡಲ್ಲಿ ಎಳೆತಕ್ಕೆ ಬ್ಲೇಡ್ ಹಿಗ್ಗುತ್ತೆ.

ಇಷ್ಟಾದ್ರೂ ಬ್ಲೋವರ್ ಇಲ್ದೆ ಓಡದಿದ್ರೆ ಆಯಿಲ್ ನೋಡಿ, ದಪ್ಪ ಆಯಿಲ್ ತಣ್ಣಗಿದ್ರೆ ಶಾಫ್ಟ್ ಭಾರ ಆಗುತ್ತೆ, ಬಿಸಿ ಮಾಡಿ ಬಿಡಿ. ಇಂಜಿನ್ ಆಫ್ ಮಾಡಿದ ಮೇಲೂ ಪಂಪ್ ಓಡ್ತಿರ್ಲಿ, ಇಲ್ದಿದ್ರೆ ಬೇರಿಂಗಲ್ಲಿ ಆಯಿಲ್ ಕರಕಲಾಗುತ್ತೆ. ಓಡೋವಾಗ ವೀಲಿನ ಪಕ್ಕದ ನೇರಕ್ಕೆ ಯಾರೂ ನಿಲ್ಬೇಡಿ, ಒಡೆದ್ರೆ ಚೂರು ಹಾರೋದು ಆ ಕಡೆಗೇ.