ಷಿಕಾಗೋ ಮೇಸನಿಕ್ ಟೆಂಪಲ್ ಕೆಡವಿದ್ದು ಯಾಕೆ?

ಹಳೇ ಫೋಟೋದಲ್ಲಿರುವ, ಸ್ಟೇಟ್ ಮತ್ತು ರಾಂಡಾಲ್ಫ್ ಬೀದಿಗಳ ಮೂಲೆಯ ಎತ್ತರದ ಕಟ್ಟಡ ಯಾವುದು, ಈಗೇಕಿಲ್ಲ ಅಂತ ಕೇಳಿದ್ದೀರಿ. ಅದು ಫ್ರೀಮೇಸನ್ನರ (ಒಂದು ಹಳೇ ಸೋದರ ಸಂಘದವರ) ಮೇಸನಿಕ್ ಟೆಂಪಲ್. 1892ರಲ್ಲಿ ಮುಗಿಯಿತು, 302 ಅಡಿ ಎತ್ತರ. ವಿನ್ಯಾಸ ವಾಸ್ತುಶಿಲ್ಪಿಗಳಾದ ಬರ್ನ್‌ಹ್ಯಾಮ್ ಮತ್ತು ರೂಟ್ ಅವರದು. ಪಾಪ, ಕಟ್ಟಡ ಮುಗಿಯುವ ಮೊದಲೇ, 1891ರಲ್ಲಿ ರೂಟ್ ತೀರಿಕೊಂಡರು.

ಟೆಂಪಲ್ ಅಂದರೂ ಒಳಗೆ ಪಕ್ಕಾ ವ್ಯಾಪಾರ: ಕೆಳಗೆ ಅಂಗಡಿಗಳು, ಮೇಲೆ ಆಫೀಸುಗಳು, ತುದಿಯಲ್ಲಿ ಫ್ರೀಮೇಸನ್ನರ ಸಭಾಂಗಣಗಳು. ನಡುವೆ ಸೂರಿನವರೆಗೂ ತೆರೆದ ಅಂಗಳ, ಥೇಟ್ ನಮ್ಮ ತೊಟ್ಟಿ ಮನೆಯ ಹಾಗೆ! ಲಿಫ್ಟ್ ಮಾತ್ರ ಸಾಲುತ್ತಿರಲಿಲ್ಲ.

1939ರಲ್ಲಿ ಕೆಡವಿದರು. ಸೌಲಭ್ಯಗಳು ಹಳತಾಗಿದ್ದವು. ಜೊತೆಗೆ ಸ್ಟೇಟ್ ಬೀದಿಯಡಿ ಸುರಂಗ ರೈಲು ಬರುತ್ತಿತ್ತು, ಅಡಿಪಾಯ ಬಲಪಡಿಸಲು ಜಾಸ್ತಿ ಖರ್ಚಾಗುತ್ತಿತ್ತು. ಆಮೇಲೆ ಅಲ್ಲಿ ಬಂದದ್ದು ಬರೀ ಎರಡು ಮಹಡಿಯ ಕಟ್ಟಡ. ಈಗ ಜಾಫ್ರಿ ಟವರ್ ಇದೆ.