ಸನ್ನೆ ಬಂದರೆ ಸಾಕಾ? ಇಂಟರ್‌ಪ್ರಿಟರ್ ಆಗಬೇಕು ಅನ್ನುವವರ ಪ್ರಶ್ನೆಗಳು

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಕೊನೆಯ ವರ್ಷದ ಬಿಎ ಓದುತ್ತಿದ್ದೇನೆ. ಚಿಕ್ಕಪ್ಪನ ಮಗಳು, ಅಂದರೆ ನನ್ನ ತಂಗಿ, ಹುಟ್ಟಿನಿಂದಲೇ ಕಿವುಡಿ. ಅವಳಿಗಾಗಿ ಎಂಟು ತಿಂಗಳಿಂದ ವಿಡಿಯೊ ನೋಡಿ ಸುಮಾರು 600 ಸನ್ನೆ ಕಲಿತಿದ್ದೇನೆ. ಸನ್ನೆ ಭಾಷೆಯ ಇಂಟರ್‌ಪ್ರಿಟರ್ (ಮಾತನ್ನು ಸನ್ನೆಗೆ, ಸನ್ನೆಯನ್ನು ಮಾತಿಗೆ ತಂದು ಹೇಳುವವರು) ಆಗುವ ಆಸೆ ಇದೆ. ನಿಮಗೆ ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಸಾಕು ಅಂತ ಒಬ್ಬರು ಹೇಳಿದರು. ಹೌದಾ?

ಉತ್ತರ: ಸಾಲುವುದಿಲ್ಲ. ಆದರೆ ತಂಗಿಗಾಗಿ ಕಲಿಯಲು ಶುರು ಮಾಡಿದಿರಲ್ಲ, ಅದು ತುಂಬ ಒಳ್ಳೆಯ ಶುರು.

ಆ 600 ಸನ್ನೆ 600 ಪದ ಇದ್ದ ಹಾಗೆ. 600 ತಮಿಳು ಪದ ಗೊತ್ತಿರುವವರನ್ನು ತಮಿಳು ಬರುವವರು ಅನ್ನುತ್ತೇವಾ? ಭಾರತೀಯ ಸನ್ನೆ ಭಾಷೆಗೆ ತನ್ನದೇ ವ್ಯಾಕರಣ ಇದೆ, ಅದರಲ್ಲಿ ಅರ್ಧ ಮುಖದಲ್ಲೇ ಇದೆ. 'ನೀನು ಊಟ ಮಾಡಿದೆ', 'ನೀನು ಊಟ ಮಾಡಿದೆಯಾ?' ಎರಡಕ್ಕೂ ಕೈ ಒಂದೇ ಥರ ಆಡಬಹುದು, ಹುಬ್ಬು ಮೇಲೆ ಹೋದರೆ ಅದು ಪ್ರಶ್ನೆ. 'ಎಲ್ಲಿ', 'ಯಾಕೆ', 'ಏನು' ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತವೆ: ನೀನು, ಹೋಗು, ಎಲ್ಲಿ. ಕನ್ನಡದ ಮಾತಿನ ಮೇಲೆ ಒಂದೊಂದೇ ಸನ್ನೆ ಅಂಟಿಸುತ್ತಾ ಹೋದರೆ ಕಿವುಡರು ತಲೆ ಆಡಿಸುತ್ತಾರೆ, ಆದರೆ ಅದು ಅರ್ಥ ಆಗಿ ಅಲ್ಲ, ಪಾಪ ಕಷ್ಟ ಪಡುತ್ತಿದ್ದಾರೆ ಅನ್ನುವ ಮರ್ಯಾದೆಗೆ.

ಇನ್ನು ಭಾಷೆ ಪೂರ್ತಿ ಬಂದ ಮೇಲೂ ಇಂಟರ್‌ಪ್ರಿಟಿಂಗ್ ಬೇರೆಯದೇ ವಿದ್ಯೆ. ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲಸ ಶುರು ಮಾಡಿದ ಹೊಸತು. ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಕಿವುಡ ಅಮ್ಮ ಒಬ್ಬರಿಗೆ, "ಈ ಮಾತ್ರೆ ಇದೆಯಲ್ಲ, ಇದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ" ಅಂದರು. ನಾನು ಅವಸರಕ್ಕೆ ಬಿದ್ದು 'ಬೆಳಿಗ್ಗೆ, ಖಾಲಿ ಹೊಟ್ಟೆ, ಮಾತ್ರೆ, ತಗೊಳ್ಳಿ' ಅಂತ ಸನ್ನೆ ಮಾಡಿಬಿಟ್ಟೆ. ಡಾಕ್ಟರ್ ವಾಕ್ಯ ಮುಗಿಸಿದರು: "ತಗೊಳ್ಳಲೇಬಾರದು." ಆ ಅಮ್ಮ ಆಗಲೇ ಸರಿ ಅಂತ ತಲೆ ಆಡಿಸಿದ್ದರು. ತಕ್ಷಣ ತಿದ್ದಿದೆ, ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಆದರೂ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಕನ್ನಡದಲ್ಲಿ ಬೇಕು, ಬೇಡ, ಬಾರದು ಎಲ್ಲ ಬಾಲದಲ್ಲಿ ಇರುತ್ತವೆ. ಹಾಗಾಗಿ ಮಾತಿನ ಹಿಂದೆ ಕೆಲವು ಸೆಕೆಂಡ್ ನಿಂತು, ಕೇಳಿದ್ದನ್ನು ತಲೆಯಲ್ಲಿ ಹಿಡಿದಿಟ್ಟು, ಅರ್ಥ ಪೂರ್ತಿ ಆದ ಮೇಲೆ ಕೈ ಎತ್ತಬೇಕು, ಅಷ್ಟರಲ್ಲಿ ಮುಂದಿನ ವಾಕ್ಯವನ್ನೂ ಕೇಳಿಸಿಕೊಳ್ಳುತ್ತಾ ಇರಬೇಕು. ಇದು ಓದಿ ಬರುವುದಲ್ಲ, ಅಭ್ಯಾಸದಿಂದಲೇ ಬರಬೇಕು. ಅದಕ್ಕೇ ತರಬೇತಿಯಲ್ಲಿ ಮೊದಲು, ಎದುರಿನವರು ಮಾತು ನಿಲ್ಲಿಸಿದ ಮೇಲೆ ಹೇಳುವುದನ್ನು ಕಲಿಸುತ್ತಾರೆ. ಮಾತಿನ ಜೊತೆಜೊತೆಗೇ ಹೇಳುವುದು ಆಮೇಲೆ.

ಹೊಸಬರಿಗೆ ಇನ್ನೂ ಜಾಸ್ತಿ ಕಷ್ಟ ಆಗುವುದು ಉಲ್ಟಾ ದಿಕ್ಕಿನಲ್ಲಿ, ಅಂದರೆ ಸನ್ನೆ ನೋಡಿ ಕನ್ನಡದಲ್ಲಿ ಹೇಳುವಾಗ. 'ನನಗೆ ಹೊಟ್ಟೆ ನೋವು' ಅಂತ ಕಿವುಡರು ಹೇಳಿದರೆ ನೀವೂ 'ನನಗೆ ಹೊಟ್ಟೆ ನೋವು' ಅಂತಲೇ ಹೇಳಬೇಕು. 'ಅವರಿಗೆ ಹೊಟ್ಟೆ ನೋವಂತೆ' ಅಂದ ಕೂಡಲೇ ಡಾಕ್ಟರ್ ನಿಮ್ಮ ಮುಖ ನೋಡಿ ಮಾತಾಡಲು ಶುರು ಮಾಡುತ್ತಾರೆ, ಕಾಯಿಲೆ ಇರುವವರು ಮೂಲೆಗೆ ಸರಿಯುತ್ತಾರೆ. ನಾನು ಕಲಿಸುವಾಗ ಮೊದಲ ತಿಂಗಳು ಹುಡುಗರ ಬಾಯಿಂದ ಆ 'ಅಂತೆ' ತೆಗೆಸುವುದೇ ದೊಡ್ಡ ಕೆಲಸ. ಇನ್ನೊಂದು ವಿಷಯ ನೀನು-ನೀವು. ಸನ್ನೆಯಲ್ಲಿ ಎದುರಿನವರತ್ತ ತೋರಿಸುವಾಗ ಗೌರವ ಮುಖದಲ್ಲಿ, ಮೈ ಭಾವದಲ್ಲಿ ಕಾಣುತ್ತದೆ. ಅದನ್ನು 'ನೀವು' ಮಾಡುವ ಹೊಣೆ ಇಂಟರ್‌ಪ್ರಿಟರ್‌ದು. ಕಿವುಡ ಹುಡುಗಿ ವಿನಯದಿಂದಲೇ ಕೇಳಿದ್ದನ್ನು ನೀವು ಮೇಷ್ಟರ ಮುಂದೆ 'ನೀನು ಹೇಳಿದ್ದು' ಅಂದುಬಿಟ್ಟರೆ, ಸೊಕ್ಕಿನವಳು ಅನ್ನುವ ಹೆಸರು ಬರುವುದು ಅವಳಿಗೆ. 2024ರ ಏಪ್ರಿಲ್‌ನಲ್ಲಿ ಕಿವುಡ ವಕೀಲೆ ಸಾರಾ ಸನ್ನಿ ಅವರು ಕರ್ನಾಟಕ ಹೈಕೋರ್ಟಿನಲ್ಲಿ ಇಂಟರ್‌ಪ್ರಿಟರ್ ಮೂಲಕ ವಾದ ಮಾಡಿದರು. ಅಂಥ ಕಡೆ ಜಡ್ಜ್ ಕಿವಿಗೆ ಬೀಳುವುದು ಇಂಟರ್‌ಪ್ರಿಟರ್ ಆರಿಸಿದ ಪದಗಳೇ ಅಲ್ವಾ?

ಹಾಗಾಗಿ ನನ್ನ ಸಲಹೆ: ಡಿಗ್ರಿ ಮುಗಿಸಿ. ಆಮೇಲೆ ಡಿಪ್ಲೊಮಾ ಇನ್ ಇಂಡಿಯನ್ ಸೈನ್ ಲ್ಯಾಂಗ್ವೇಜ್ ಇಂಟರ್‌ಪ್ರಿಟೇಶನ್‌ಗೆ ಸೇರಿ, ಎಲ್ಲರೂ ಡಿಸ್ಲಿ ಅನ್ನುತ್ತಾರೆ. ಎರಡು ವರ್ಷದ ಕೋರ್ಸ್, ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆ ಇದೆ. 2015ರಲ್ಲಿ ದೆಹಲಿಯಲ್ಲಿ ಶುರುವಾದ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇದನ್ನು ನಡೆಸುತ್ತದೆ. ಬೇರೆ ಕಡೆಯೂ ಇದೆ, ಸೇರುವ ಮುಂಚೆ ಕೌನ್ಸಿಲ್ ಪಟ್ಟಿಯಲ್ಲಿ ಆ ಸಂಸ್ಥೆಯ ಹೆಸರು ಇದೆಯಾ ಅಂತ ನೋಡಿ. ಪಾಠ ಮಾಡುವವರಲ್ಲಿ ಕಿವುಡ ಶಿಕ್ಷಕರು ಇದ್ದಾರಾ ಅಂತಲೂ ಕೇಳಿ. ಇಲ್ಲ ಅಂದರೆ ಸೇರಬೇಡಿ.

ಅಲ್ಲಿಯವರೆಗೆ ವಿಡಿಯೊ ಕಡಿಮೆ ಮಾಡಿ, ತಂಗಿಯ ಜೊತೆ, ಅವಳ ಗೆಳತಿಯರ ಜೊತೆ ಕೂತು ಸುಮ್ನೆ ಹರಟೆ ಹೊಡೆಯಿರಿ. ಅವರು ಅವರವರೇ ವೇಗವಾಗಿ ಮಾತಾಡಿಕೊಳ್ಳುವಾಗ ನಿಮಗೆ ಎಷ್ಟು ಅರ್ಥ ಆಗುತ್ತದೆ ನೋಡಿ. ನಿಮಗೆ ನಿಜವಾಗಿ ಎಷ್ಟು ಬರುತ್ತದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ಹುಬ್ಬಳ್ಳಿಯ ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಈ ವರ್ಷ ಇಬ್ಬರು ಕಿವುಡ ವಿದ್ಯಾರ್ಥಿಗಳು ಸೇರಿದ್ದಾರೆ. ಸ್ವಲ್ಪ ಸನ್ನೆ ಬರುವ ಸಹಪಾಠಿಯೊಬ್ಬ ಪಕ್ಕದಲ್ಲಿ ಕೂತು ಪಾಠ ಹೇಳುತ್ತಾನೆ. ಇಂಥ ಹತ್ತು ಹುಡುಗರನ್ನು ನಾವೇ ತಯಾರು ಮಾಡಬಹುದೇ?

ಉತ್ತರ: ಮೇಡಂ, ನಿಮ್ಮ ಕಾಳಜಿ ದೊಡ್ಡದು. ಆದರೆ ಆ ಹುಡುಗನ ಪಾಡು ಯೋಚಿಸಿ. ಅವನೂ ಅದೇ ಪರೀಕ್ಷೆ ಬರೆಯಬೇಕು. ಒಂದು ಗಂಟೆ ನಿಮ್ಮ ಪಾಠ ಹೇಳಿದ ಮೇಲೆ ಅವನ ನೋಟ್‌ಬುಕ್ಕಿನಲ್ಲಿ ಏನೂ ಇರುವುದಿಲ್ಲ. ಕೆಲಸ ಗೊತ್ತಿರುವ ಇಂಟರ್‌ಪ್ರಿಟರ್‌ಗಳೇ ಉದ್ದದ ಕಾರ್ಯಕ್ರಮಕ್ಕೆ ಇಬ್ಬರು ಬಂದು 20 ನಿಮಿಷಕ್ಕೊಮ್ಮೆ ಬದಲಾಯಿಸಿಕೊಳ್ಳುತ್ತಾರೆ. ಯಾಕೆಂದರೆ ಅದಕ್ಕಿಂತ ಮುಂದೆ ಹೋದರೆ ತಲೆ ಸೋಲುತ್ತದೆ, ತಪ್ಪು ಶುರುವಾಗುತ್ತದೆ, ಆ ತಪ್ಪು ಮಾಡುವವರಿಗೇ ಗೊತ್ತಾಗುವುದಿಲ್ಲ.

ಕಿವುಡರಿಗೆ ಅವರಿಗೆ ಹೊಂದುವ ಭಾಷೆಯಲ್ಲಿ ಶಿಕ್ಷಣ ಸಿಗಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಅದನ್ನು ಮುಂದಿಟ್ಟು ಕಾಲೇಜಿನಿಂದ ಇಂಟರ್‌ಪ್ರಿಟರ್ ಕೇಳಿ. ವಾರಕ್ಕೆ ಕೆಲವೇ ಗಂಟೆ ಸಿಕ್ಕರೂ ಸರಿ, ಕಷ್ಟದ ಪಾಠಕ್ಕೆ ಇಟ್ಟುಕೊಳ್ಳಿ. ನೋಟ್ಸ್ ಎರಡು ದಿನ ಮೊದಲೇ ಇಂಟರ್‌ಪ್ರಿಟರ್‌ಗೆ ಕೊಡಿ. 'ಹಣದುಬ್ಬರ'ಕ್ಕೆ ಯಾವ ಸನ್ನೆ ಅಂತ ಆ ಇಬ್ಬರು ವಿದ್ಯಾರ್ಥಿಗಳ ಜೊತೆ ಕೂತು ಒಪ್ಪಿಕೊಳ್ಳಲಿ. ದೆಹಲಿ ಕೇಂದ್ರದ ನಿಘಂಟಿನಲ್ಲಿ 2021ಕ್ಕೇ 10,000 ಪದ ಆಗಿದ್ದವು, ಉಚಿತವಾಗಿ ನೋಡಬಹುದು. ಇಂಟರ್‌ಪ್ರಿಟರ್ ಅನ್ನು ಕಿಟಕಿಗೆ ಬೆನ್ನು ಹಾಕಿ ನಿಲ್ಲಿಸಬೇಡಿ, ಮುಖ ಕಪ್ಪಾಗಿ ಕಾಣುತ್ತದೆ. ನೀವು ಬೋರ್ಡ್ ಮೇಲೆ ಬರೆಯುವಾಗ ಮಾತು ನಿಲ್ಲಿಸಿ. ಆ ವಿದ್ಯಾರ್ಥಿಗಳಿಗೆ ಇರುವುದು ಎರಡೇ ಕಣ್ಣು, ಬೋರ್ಡು ಮತ್ತು ಕೈ ಒಟ್ಟಿಗೆ ನೋಡಲು ಆಗುವುದಿಲ್ಲ.

ಆ ಹತ್ತು ಹುಡುಗರಿಗೆ ಸನ್ನೆ ಭಾಷೆ ಖಂಡಿತ ಕಲಿಸಿ, ಕಿವುಡ ಶಿಕ್ಷಕರನ್ನು ಕರೆಸಿ, ಸಂಬಳ ಕೊಟ್ಟು. ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ ಮಾತಾಡಲು ಗೆಳೆಯರಾಗಲಿ. ನೋಟ್ಸ್ ಬರೆದು ಕೊಡಲಿ. ಅವರಲ್ಲಿ ಒಬ್ಬಿಬ್ಬರಿಗೆ ಈ ಕೆಲಸವೇ ಬೇಕು ಅನಿಸಿದರೆ ಡಿಸ್ಲಿಗೆ ಕಳಿಸಿ.

ಪ್ರಶ್ನೆ: ನಾನೇ ಕಿವುಡ. ಬಿಕಾಂ ಆಗಿದೆ. ನಮ್ಮಂಥವರು ಈ ಕ್ಷೇತ್ರಕ್ಕೆ ಬರಬಹುದಾ?

ಉತ್ತರ: ನೀವು ಬರಲೇಬೇಕು ಸರ್. ಅದೇ ದೆಹಲಿ ಕೇಂದ್ರದಲ್ಲಿ ಸನ್ನೆ ಭಾಷೆ ಕಲಿಸುವವರಿಗೆ ಅಂತ ಎರಡು ವರ್ಷದ ಡಿಪ್ಲೊಮಾ ಇದೆ, ಅದು ಕಿವುಡರಿಗಾಗಿಯೇ. ನೀವು ಕಲಿಸಿದವರೇ ನಾಳೆ ಇಂಟರ್‌ಪ್ರಿಟರ್ ಆಗುವುದು.

ಕಿವುಡರೇ ಇಂಟರ್‌ಪ್ರಿಟರ್ ಆಗುವುದೂ ಇದೆ. ಹಳ್ಳಿಯಲ್ಲಿ ಶಾಲೆ ನೋಡದೆ ಬೆಳೆದ ಕಿವುಡರಿಗೆ ಮನೆಯವರೊಂದಿಗೆ ಆಡುವ ಸನ್ನೆ ಮಾತ್ರ ಗೊತ್ತಿರುತ್ತದೆ. ಅಂಥವರು ಪೊಲೀಸ್ ಸ್ಟೇಷನ್ನಿಗೋ ಕೋರ್ಟಿಗೋ ಬಂದಾಗ ನನ್ನಂಥ ಕಿವಿ ಕೇಳುವವರ ಸನ್ನೆ ಅವರನ್ನು ಮುಟ್ಟುವುದೇ ಇಲ್ಲ. ಆಗ ಕಿವುಡ ಇಂಟರ್‌ಪ್ರಿಟರ್ ಮಧ್ಯೆ ಕೂರುತ್ತಾರೆ. ಅವರ ಮನೆ ಸನ್ನೆ ಹಿಡಿದು, ನಟಿಸಿ, ಚಿತ್ರ ಬರೆದು, ಏನಾಯಿತು ಅಂತ ನಿಧಾನವಾಗಿ ತಿಳಿದು ನನಗೆ ಹೇಳುತ್ತಾರೆ, ನಾನು ಅದನ್ನು ಕನ್ನಡಕ್ಕೆ ತರುತ್ತೇನೆ. ಎಷ್ಟೋ ಸಲ ನಾನು ಅರ್ಧ ಗಂಟೆ ಒದ್ದಾಡಿ ಬಿಟ್ಟದ್ದನ್ನು ಅವರು ಐದು ನಿಮಿಷದಲ್ಲಿ ಬಿಡಿಸಿದ್ದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ.