ಅರವತ್ತೆರಡು ಅಂಕವಲ್ಲ, ಸ್ಥಾನ

ಪ್ರಶ್ನೆ: ನಾವು ಅಮೆರಿಕದಲ್ಲಿ ನೆಲೆಸಿದ್ದೇವೆ. ನಾಲ್ಕನೇ ತರಗತಿಯಲ್ಲಿರುವ ಮಗಳ ‘ಮ್ಯಾಪ್ ಗ್ರೋತ್’ ಗಣಿತ ಪರೀಕ್ಷೆಯ ವರದಿಯಲ್ಲಿ ‘ಪರ್ಸೆಂಟೈಲ್ 62’ ಎಂದಿದೆ. ಊರಿನಲ್ಲಿರುವ ಅಜ್ಜ ಇದನ್ನು ಬರೀ ಫಸ್ಟ್ ಕ್ಲಾಸ್, ಡಿಸ್ಟಿಂಕ್ಷನ್ ಅಲ್ಲ ಎನ್ನುತ್ತಿದ್ದಾರೆ. ಟ್ಯೂಷನ್‌ಗೆ ಸೇರಿಸಬೇಕೆ?

ಉತ್ತರ: ಅಜ್ಜನವರ ಲೆಕ್ಕ ನಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯದು. ಇಲ್ಲಿ 62 ಎಂದರೆ ನೂರಕ್ಕೆ ಅರವತ್ತೆರಡು ಅಂಕವಲ್ಲ. ಅಮೆರಿಕದಾದ್ಯಂತ ಅದೇ ತರಗತಿಯಲ್ಲಿ ಓದುವ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು ಅರವತ್ತೆರಡು ಮಕ್ಕಳಿಗೆ ನಿಮ್ಮ ಮಗಳಷ್ಟೇ ಅಥವಾ ಅವಳಿಗಿಂತ ಕಡಿಮೆ ಬಂದಿದೆ ಎಂದರ್ಥ. ಈ ಪರೀಕ್ಷೆಯಲ್ಲಿ ಉತ್ತರ ಸರಿಯಾದರೆ ಕಂಪ್ಯೂಟರ್ ಮುಂದಿನ ಪ್ರಶ್ನೆಯನ್ನು ಕಠಿಣಗೊಳಿಸುತ್ತದೆ, ತಪ್ಪಾದರೆ ಸುಲಭಗೊಳಿಸುತ್ತದೆ. ಹೀಗಾಗಿ ಜಾಣ ಮಕ್ಕಳೂ ಹೆಚ್ಚುಕಡಿಮೆ ಅರ್ಧದಷ್ಟು ಪ್ರಶ್ನೆಗಳಿಗೆ ತಪ್ಪು ಉತ್ತರ ಕೊಡುತ್ತಾರೆ.

ನೀವು ಮುಖ್ಯವಾಗಿ ಗಮನಿಸಬೇಕಾದದ್ದು ‘ರಿಟ್’ ಎಂಬ ಅಂಕವನ್ನು. ಯಾವ ತರಗತಿಯಲ್ಲಿದ್ದರೂ ಮಗುವಿನ ಕಲಿಕೆಯ ಮಟ್ಟವನ್ನು ಒಂದೇ ಅಳತೆಗೋಲಿನಲ್ಲಿ ತೋರಿಸುವ ಅಂಕ ಅದು. ಶಾಲೆ ಆರಂಭವಾದಾಗಿನ ರಿಟ್ ಅನ್ನು ವರ್ಷಾಂತ್ಯದ ರಿಟ್ ಜೊತೆ ಹೋಲಿಸಿ. ಅದು ಏರಿದ್ದರೂ, ಉಳಿದ ಮಕ್ಕಳು ಇನ್ನೂ ಹೆಚ್ಚು ಏರಿದ್ದರೆ ಪರ್ಸೆಂಟೈಲ್ ಇಳಿಯಬಹುದು. ರಿಟ್‌ನಲ್ಲಿ ಎರಡು ಮೂರು ಅಂಕಗಳ ವ್ಯತ್ಯಾಸಕ್ಕೆ ಅರ್ಥ ಹಚ್ಚಬೇಡಿ. ಅಳತೆಯಲ್ಲೇ ಅಷ್ಟು ಹೆಚ್ಚುಕಡಿಮೆ ಇರುತ್ತದೆ.

ಟ್ಯೂಷನ್ನಿನ ಮಾತು ಸದ್ಯಕ್ಕೆ ಬೇಡ. ಪೋಷಕರ ಸಭೆಗೆ ವರದಿಯನ್ನು ಕೊಂಡೊಯ್ದು, ಯಾವ ವಿಭಾಗದಲ್ಲಿ ಹಿಂದಿದ್ದಾಳೆ, ತರಗತಿಯ ಕೆಲಸದಲ್ಲೂ ಅದು ಕಾಣುತ್ತಿದೆಯೇ ಎಂದು ಶಿಕ್ಷಕಿಯನ್ನು ಕೇಳಿ. ಭಿನ್ನರಾಶಿಯೇ ತೊಡಕಾಗಿದ್ದರೆ, ದೋಸೆಯನ್ನು ಎಂಟು ಪಾಲು ಮಾಡಿ, ಅದರಲ್ಲಿ ಎರಡು ಪಾಲು ತಿಂದರೆ ಕಾಲು ದೋಸೆ ಹೇಗಾಯಿತು ಎಂದು ಅವಳಿಂದಲೇ ಹೇಳಿಸಿ.